ತೈಮೂರ್ ಎಂಬ ಹೆಸರಿನ ಅರ್ಥ ಕಬ್ಬಿಣವೋ ಖರ್ಜೂರವೋ?

ಕಬ್ಬಿಣ. ಅರಬ್ಬಿಯಲ್ಲಿ 'ತಮ್ರ್' ಅಂದರೆ ಖರ್ಜೂರ ಎನ್ನುವುದು ನಿಜ. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಕಾಣುವ ಆ ಅರ್ಥ ಹುಟ್ಟಿದ್ದು ಆ ಉಚ್ಚಾರದ ಹೋಲಿಕೆಯಿಂದ, ಅಷ್ಟೇ. ಇದು ತುರ್ಕಿ ಭಾಷಾಕುಟುಂಬದ ಹಳೆಯ ಪದ. ಮಂಗೋಲಿಯದ ಓರ್ಖೋನ್ ಕಣಿವೆಯಲ್ಲಿ ಕ್ರಿ.ಶ. 732ರಲ್ಲಿ ತುರ್ಕ ರಾಜಕುಮಾರ ಕ್ಯುಲ್ ತಿಗಿನ್‌ನ ನೆನಪಿಗೆ ನಿಲ್ಲಿಸಿದ ಶಾಸನದಲ್ಲೇ 'ತೆಮಿರ್ ಕಪಿಗ್', ಅಂದರೆ 'ಕಬ್ಬಿಣದ ಬಾಗಿಲು' ಎಂಬ ಸ್ಥಳನಾಮವಿದೆ. ಇಂದಿನ ಉಜ್ಬೇಕಿಸ್ತಾನದ ಒಂದು ಇಕ್ಕಟ್ಟಾದ ಕಣಿವೆದಾರಿ ಅದು. ಶಾಸನ ಬರೆಸಿದ ತುರ್ಕರು ಆಗಿನ್ನೂ ಇಸ್ಲಾಮಿಗೆ ಬಂದಿರಲಿಲ್ಲ, ಹಾಗಾಗಿ ಅರಬ್ಬಿ ಮೂಲದ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಲೋಹವನ್ನೇ ಹೆಸರಾಗಿ ಇಟ್ಟದ್ದು ಆ ಜನರಿಗೆ ಸಹಜವೇ. ಆರನೆಯ ಶತಮಾನದ ತುರ್ಕರು ಅಲ್ತಾಯ್ ಬೆಟ್ಟಗಳಲ್ಲಿ ಕಬ್ಬಿಣ ಕಾಸುತ್ತಿದ್ದವರು. ಅವರ ನಾಯಕ ಹೆಣ್ಣು ಕೇಳಿದಾಗ ಅವರ ಮೇಲೆ ಅಧಿಕಾರ ನಡೆಸುತ್ತಿದ್ದ ರೌರಾನ್ ರಾಜ್ಯದ ದೊರೆ 'ನೀನು ನನ್ನ ಕಮ್ಮಾರ ಆಳು' ಎಂದು ಹೀಯಾಳಿಸಿದ ಎಂದು ಚೀನಾದ ಇತಿಹಾಸಗ್ರಂಥಗಳು ಹೇಳುತ್ತವೆ. 552ರಲ್ಲಿ ಆ ದೊರೆಯ ರಾಜ್ಯವೇ ತುರ್ಕರ ಕೈಯಲ್ಲಿ ಮುರಿದುಬಿತ್ತು. ಮಂಗೋಲರ ಹೆಸರುಗಳಲ್ಲೂ ಇದೇ ಪದಮೂಲ ಸಿಗುತ್ತದೆ: ಚೆಂಗೀಸ್ ಖಾನನ ಹುಟ್ಟುಹೆಸರು ತೆಮುಜಿನ್, ತಮ್ಮ ತೆಮುಗೆ, ತಂಗಿ ತೆಮುಲುನ್.

ಕನ್ನಡದಲ್ಲಿ ಪಾಲು ಹಾಲಾದ ಹಾಗೆ ಈ ಭಾಷಾಕುಟುಂಬದಲ್ಲಿಯೂ ಒಂದು ಪಲ್ಲಟ ಆಗಿದೆ. ತುರ್ಕಿ ದೇಶದ ಟರ್ಕಿಶ್ ಮತ್ತು ಅಜರ್‌ಬೈಜಾನಿಯಲ್ಲಿ ಹಲವು ಪದಗಳ ಮೊದಲ 'ತ' 'ದ' ಆಯಿತು. ಕಜಕ್‌ನಲ್ಲಿ ನಾಲಿಗೆಗೆ 'ತಿಲ್', ಟರ್ಕಿಶ್‌ನಲ್ಲಿ 'ದಿಲ್'. ಹಾಗೆಯೇ ಕಜಕ್ 'ತೆಮಿರ್' ಟರ್ಕಿಶ್‌ನಲ್ಲಿ 'ದೆಮಿರ್'. 1993ರಿಂದ 2000ದವರೆಗೆ ತುರ್ಕಿಯ ಅಧ್ಯಕ್ಷರಾಗಿದ್ದ ಸುಲೇಮಾನ್ ದೆಮಿರೆಲ್ ಅವರ ಮನೆತನದ ಹೆಸರನ್ನು ಬಿಡಿಸಿದರೆ ಕಬ್ಬಿಣ-ಕೈ.

ನಮ್ಮಲ್ಲಿ 'ತೈ' ಬಂದದ್ದು ಲಿಪಿಯಿಂದ. ಪಾರ್ಸಿ-ಉರ್ದುವಿನಲ್ಲಿ ಈ ಹೆಸರನ್ನು ತೆ, ಯೆ, ಮೀಮ್, ವಾವ್, ರೆ ಎಂಬ ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ನಡುವಿನ 'ಯೆ'ಯನ್ನು ಈ, ಏ, ಐ ಹೇಗೆ ಬೇಕಾದರೂ ಓದಬಹುದು. ಉರ್ದುವಿನವರು ಐ ಎಂದು ಓದಿದರು, ರಷ್ಯನ್ನರ ಬಾಯಲ್ಲಿ ಅದು ತಿಮೂರ್. ದೊರೆ ತೈಮೂರನ ಹೆಸರಿನ ಮೂಲ ರೂಪದ (Temür) ಎರಡನೆಯ ಸ್ವರವಂತೂ ಕನ್ನಡದಲ್ಲಿಲ್ಲ: 'ಇ' ಎನ್ನುತ್ತಲೇ ತುಟಿಯನ್ನು 'ಉ'ಗೆ ಮಾಡುವಂತೆ ದುಂಡಗೆ ಮಾಡಿ, ಹತ್ತಿರ ಬರುತ್ತದೆ.

'ತೈಮೂರ್ ಲಂಗ್' ಎನ್ನುವುದರಲ್ಲಿನ 'ಲಂಗ್' ಹೆಸರಿನ ಭಾಗವಲ್ಲ, ದಯವಿಟ್ಟು ಮಗುವಿಗೆ ಇಡುವಾಗ ಸೇರಿಸಬೇಡಿ. ಪಾರ್ಸಿಯಲ್ಲಿ ಅದರರ್ಥ ಕುಂಟ. 1398ರಲ್ಲಿ ದೆಹಲಿ ಸೂರೆಮಾಡಿದವನಿಗೆ ಹೊರಗಿನವರು ಅಂಟಿಸಿದ ಅಡ್ಡಹೆಸರು ಅದು. 1941ರಲ್ಲಿ ಸಮರ್ಕಂದದ ಗೋರಿ ತೆರೆದಾಗ ಅವನ ಬಲಗಾಲು ಊನವಾಗಿದ್ದದ್ದು ಮೂಳೆಯಲ್ಲೇ ಕಂಡಿತು. ಕನ್ನಡದಲ್ಲಿ ಬರೆಯುವಾಗ ಇತಿಹಾಸದ ದೊರೆಗೆ ರೂಢಿಯ 'ತೈಮೂರ್' ಇರಲಿ. ಕಜಕ್ ಸಹೋದ್ಯೋಗಿ ತನ್ನನ್ನು ತೆಮಿರ್ ಎಂದು ಕರೆದುಕೊಂಡರೆ ತೆಮಿರ್ ಎಂದೇ ಬರೆಯಿರಿ.