ಗಣಿ ನಿಂತ ಮೇಲೂ ಕಟ್ಟೆ ಕಾಯಬೇಕಾ?

ಪ್ರಶ್ನೆ: ಕುದುರೆಮುಖದಲ್ಲಿ ಗಣಿ ನಿಂತು ಎಷ್ಟೋ ವರ್ಷ ಆಯ್ತು. ಲಕ್ಯಾ ಅಣೆಕಟ್ಟಿನಲ್ಲಿ ಈಗ ಬರೀ ಹೂಳು. ಅದೂ ಮಣ್ಣಿನ ಕಟ್ಟೆ. ಇನ್ನೇನು ಭಯ?

ಉತ್ತರ: ಮಣ್ಣಿನದು ಅನ್ನೋದೇ ದೋಷವಲ್ಲ, ನಮ್ಮ ಕೆರೆ ಏರಿಗಳೂ ಮಣ್ಣಿನವೇ ಅಲ್ವಾ? ನೋಡಬೇಕಾದ್ದು ನೀರನ್ನು. ಅಲ್ಲಿನ ಅದಿರಿನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣ ತೆಗೆದು, ಉಳಿದ ಪುಡಿಯನ್ನು ನೀರಿನ ಜೊತೆ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಈ ಕಟ್ಟೆಯ ಹಿಂದೆ ಬಿಡುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮಳೆ ನಿಲ್ಲಲಿಲ್ಲವಲ್ಲ!

ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಒಡೆದ ಗಣಿ ಹೂಳಿನ ಕಟ್ಟೆ ನೆನಪಿದೆಯಾ? ಅಲ್ಲೂ ಹೂಳು ತುಂಬುವುದನ್ನು ಮೊದಲೇ ನಿಲ್ಲಿಸಿದ್ದರು. ಕಟ್ಟೆಯ ಮೇಲೆ ಹಸಿರು ಹುಲ್ಲು ಬೆಳೆದಿತ್ತು. 2019ರ ಜನವರಿ 25ರ ಮಧ್ಯಾಹ್ನ, ಕ್ಯಾಮೆರಾದಲ್ಲಿ ನೋಡನೋಡುತ್ತಿದ್ದಂತೆ ಆ ಹುಲ್ಲಿನ ಇಳಿಜಾರೇ ಕೆಲವೇ ಸೆಕೆಂಡಿನಲ್ಲಿ ಕುಸಿದು, ಕೆಳಗಿದ್ದ ಕ್ಯಾಂಟೀನನ್ನೂ ನುಂಗಿತು. ಸುಮಾರು 270 ಜನ ಸತ್ತರು. ಹಳೆ ಹೂಳಿನ ಮೇಲೆಯೇ ಹಂತ ಹಂತವಾಗಿ ಕಟ್ಟೆ ಎತ್ತರಿಸಿದ್ದರು, ಒಳಗೆ ನೀರು ಉಳಿದಿತ್ತು. ಕಣಗಳ ನಡುವಿನ ನೀರಿನ ಒತ್ತಡ ಜಾಸ್ತಿಯಾಗಿ ಕಣಕ್ಕೆ ಕಣದ ಹಿಡಿತ ತಪ್ಪಿದರೆ ಗಟ್ಟಿ ಹೂಳು ದಿಢೀರನೆ ದ್ರವವಾಗುತ್ತದೆ.

ಹಾಗಂತ ಲಕ್ಯಾವೂ ಒಡೆಯುತ್ತೆ ಅಂತ ಸುಮ್ನೆ ಗಾಬರಿಯಾಗಬೇಡಿ. ಆದರೆ ಮಳೆನೀರು ಹೊರಹೋಗುವ ದಾರಿ ತೆರೆದಿರಬೇಕು. ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದೆಯಾ, ರಾಡಿಯಾಗಿದೆಯಾ ಅಂತ ನೋಡುತ್ತಲೇ ಇರಬೇಕು. ರಾಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿರಬಹುದು, ಆಗ ತಡ ಮಾಡುವಂತಿಲ್ಲ.