ಎರಡು ಕೊಡೆ ದಾಟುವಷ್ಟು ಜಾಗ

ಪ್ರಶ್ನೆ: ನಮ್ಮ ಪೇಟೆ ಬೀದಿಯಲ್ಲಿ ನಡೆಯೋದೇ ಕಷ್ಟವಾಗಿದೆ. ರಜೆ ಬಂತೆಂದರೆ ಎರಡೂ ಬದಿ ಕಾರುಗಳ ಸಾಲು. ಫುಟ್‌ಪಾತ್ ಅಗಲ ಮಾಡಿ, ಗಿಡ ನೆಟ್ಟು, ಬೆಂಚು ಹಾಕಿಸಿ ಅಂತ ನಗರಸಭೆಗೆ ಮನವಿ ಕೊಡಬೇಕೆಂದಿದ್ದೇವೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಥರ ಮಾಡಿ ಅಂತ ಕೇಳಬಹುದಾ? ಪಾರ್ಕಿಂಗ್ ಹೋದರೆ ವ್ಯಾಪಾರವೂ ಹೋಯ್ತು ಅಂತ ಅಂಗಡಿಯವರು ಹೆದರಿದ್ದಾರೆ.
— ಓದುಗರು, ಮಡಿಕೇರಿ

ಉತ್ತರ: ಮನವಿ ಖಂಡಿತ ಕೊಡಿ. ಆದರೆ ಚರ್ಚ್ ಸ್ಟ್ರೀಟ್ ಥರ ಅಂತ ಮಾತ್ರ ಬರೆಯಬೇಡಿ. ಅಲ್ಲಿ 2018ರಲ್ಲಿ ಕಲ್ಲು ಹಾಸಿ ಬೀದಿಯನ್ನೇ ಹೊಸದು ಮಾಡಿದರು, 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ಬಿಡದೆ ನಡೆಯುವವರಿಗೇ ಬಿಟ್ಟುಕೊಟ್ಟರು. ಒಳ್ಳೆಯ ಕೆಲಸವೇ. ಆದರೆ ನಮ್ಮದು ಏರು ಇಳಿಜಾರಿನ ಊರು, ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಬೇರೆ. ಇಲ್ಲಿ ಮೊದಲು ನೀರಿಗೆ ದಾರಿ ಮಾಡಬೇಕು. ಕಾಲಿಗೆ, ಗಿಡಕ್ಕೆ ಜಾಗ ಆಮೇಲೆ.

ಹೋದ ಜುಲೈನಲ್ಲಿ ನಮ್ಮ ಅತ್ತೆ ಫುಟ್‌ಪಾತ್ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಹಾಕಿ ವರ್ಷವೂ ಆಗಿರದ ನುಣುಪಾದ ಟೈಲ್ಸ್ ಅದು. ಕೆಳಗಿನ ಚರಂಡಿ ಕಟ್ಟಿಕೊಂಡು ನೀರೆಲ್ಲ ಮೇಲೆಯೇ ಹರಿದು, ಸಂದಿ ಸಂದಿಯಲ್ಲೂ ಪಾಚಿ ಹಿಡಿದಿತ್ತು. ಹಾಗಾಗಿ ಒರಟು ಮೇಲ್ಮೈಯ ಕಲ್ಲು, ಚರಂಡಿ ಕಡೆಗೆ ಸ್ವಲ್ಪ ಓರೆ, ಕೈಯಲ್ಲಿ ಎತ್ತಿ ಹೂಳು ತೆಗೆಯಲು ಬರುವಂಥ ಮುಚ್ಚಳ, ಇವು ಮನವಿಯ ಮೊದಲ ಸಾಲಿನಲ್ಲೇ ಇರಲಿ. ಮುಚ್ಚಳದ ಸೀಳುಗಳು ನಡೆಯುವ ದಿಕ್ಕಿಗೆ ಅಡ್ಡ ಇರಬೇಕು. ಉದ್ದಕ್ಕಿದ್ದರೆ ಗಾಲಿಕುರ್ಚಿಯ ಚಕ್ರ ಸಿಕ್ಕಿಕೊಳ್ಳುತ್ತದೆ. ಕಡಿದಾದ ಕಡೆ ಕೈಹಿಡಿಯಲು ಕಂಬಿ ಬೇಕೇ ಬೇಕು.

ಅಗಲ ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. ಏನೂ ಅಡ್ಡ ಇಲ್ಲದ ಜಾಗ ಕಡೇಪಕ್ಷ 1.8 ಮೀಟರ್ ಇರಬೇಕು ಅನ್ನುತ್ತದೆ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ಅಂದರೆ ಆರಡಿ. ಎರಡು ಕೊಡೆ ಬಿಚ್ಚಿ ಅಕ್ಕಪಕ್ಕ ಹಿಡಿದು ನೋಡಿ, ಆರಡಿ ಬೇಕಾಗುತ್ತದೆ. ಮಳೆಗಾಲದಲ್ಲಿ ಎದುರಿಗೆ ಬಂದವರಿಗೆ ದಾರಿ ಬಿಡಲು ನಾವು ರಸ್ತೆಗಿಳಿಯುವುದು ಇದಕ್ಕೇ ಅಲ್ವಾ? ಲೈಟು ಕಂಬ, ಬೋರ್ಡು, ಬೆಂಚು, ಗಿಡ ಎಲ್ಲವೂ ಈ ಆರಡಿಯ ಆಚೆ ಇರಲಿ. ಅಂಚಿನ ಕಲ್ಲು ಆರಿಂಚಿಗಿಂತ ಎತ್ತರ ಬೇಡ, ವಯಸ್ಸಾದವರಿಗೆ ಹತ್ತಲಾಗುವುದಿಲ್ಲ.

ಅಂಗಡಿಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ, ಅವರ ಹೊಟ್ಟೆಪಾಡು ಅದು. ಅವರನ್ನೂ ಕೂರಿಸಿಕೊಂಡು ಒಂದು ಶುಕ್ರವಾರ, ಸಂತೆಯ ದಿನ, ಎಷ್ಟು ಗಿರಾಕಿಗಳು ನಡೆದು ಬಂದರು, ಎಷ್ಟು ಜನ ಅಂಗಡಿ ಮುಂದೆಯೇ ಕಾರು ನಿಲ್ಲಿಸಿದರು ಅಂತ ಎಣಿಸಿ. ಇನ್ನೊಂದು ದಿನ ಸಂತೆ ಇಲ್ಲದಾಗಲೂ ಎಣಿಸಿ. ಆಮೇಲೆ ನಗರಸಭೆ, ಟ್ರಾಫಿಕ್ ಪೊಲೀಸರ ಒಪ್ಪಿಗೆ ಪಡೆದು ಡ್ರಮ್ಮು, ಹಗ್ಗ ಇಟ್ಟು, ಕಾರು ನಿಲ್ಲಿಸುವ ಜಾಗವನ್ನು ನಡೆಯುವವರಿಗೆ ಬಿಟ್ಟು ಒಂದು ತಿಂಗಳು ಪ್ರಯೋಗ ಮಾಡಿ ನೋಡಿ. ಸರಕು ಇಳಿಸಲು ಬೆಳಿಗ್ಗೆ ಹೊತ್ತು ಬಿಟ್ಟುಕೊಡಿ. ಹೂವು, ತರಕಾರಿ ಇಟ್ಟುಕೊಂಡು ಕೂತವರನ್ನು ಎಬ್ಬಿಸಿ ಅಂದವಾದ ಬೀದಿ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಅವರಿಗೂ ರಕ್ಷಣೆ ಇದೆ. ನಕ್ಷೆಯಲ್ಲೇ ಅವರ ಜಾಗ ಗುರುತಿಸಿ.

ಪ್ರಶ್ನೆ: ಬೀದಿ ಬದಿಗೆ ಸಿಲ್ವರ್ ಓಕ್ ನೆಡಬಹುದಾ? ಬೇಗ ಬೆಳೆಯುತ್ತದೆ, ತೋಟದಲ್ಲಿ ಸಸಿಗಳೂ ಇವೆ.
— ಇನ್ನೊಬ್ಬ ಓದುಗರು, ಮಡಿಕೇರಿ

ಉತ್ತರ: ಬೇಡ. ತೋಟದಲ್ಲಿ ಕರಿಮೆಣಸು ಹಬ್ಬಿಸಲು ಸರಿ, ಆದರೆ ಗಾಳಿಗೆ ಅದರ ಕೊಂಬೆ ಬೇಗ ಮುರಿಯುತ್ತದೆ. ಕೆಳಗೆ ಮಕ್ಕಳು ಓಡಾಡುವ ಜಾಗ ಇದು. ನಾಗಸಂಪಿಗೆ ನೆಡಿ, ನಿಧಾನ ಬೆಳೆದರೂ ಗಟ್ಟಿ ಮರ. ಹೊಳೆದಾಸವಾಳವೂ ಒಳ್ಳೆಯದು, ಬೇಸಿಗೆಯಲ್ಲಿ ನೇರಳೆ ಬಣ್ಣದ ಹೂ ಬಿಡುತ್ತದೆ, ನೀರು ನಿಂತರೂ ತಡೆಯುತ್ತದೆ. ಬುಡಕ್ಕೆ ಕಾಂಕ್ರೀಟ್ ಸುರಿಯಲು ಬಿಡಬೇಡಿ, ಸುತ್ತ ಒಂದು ಮೀಟರ್ ಮಣ್ಣು ಇರಲಿ, ಮಳೆನೀರೂ ಅಲ್ಲಿ ಇಂಗುತ್ತದೆ.

ನಿಮ್ಮ ಬೀದಿಯಲ್ಲಿ ದಸರಾ ಮಂಟಪಗಳು, ಅಂದರೆ ದೇವರ ಮೂರ್ತಿಗಳನ್ನು ಹೊತ್ತ ಎತ್ತರದ ಮೆರವಣಿಗೆ ವಾಹನಗಳು, ಹಾದುಹೋಗುತ್ತವೆ ಅಂತಾದರೆ ಗುಂಡಿ ತೋಡುವ ಮೊದಲೇ ಮಂಟಪ ಸಮಿತಿಯವರನ್ನು ಕರೆಸಿ ಎತ್ತರ, ಅಗಲ ಅಳೆಸಿಕೊಳ್ಳಿ. ಇಲ್ಲದಿದ್ದರೆ ಮರ ಬೆಳೆದು ನಿಂತ ಮೇಲೆ, ವಿಜಯದಶಮಿಗೆ ಎರಡು ದಿನ ಇರುವಾಗ ಕೊಡಲಿ ಹಿಡಿದು ಬರುತ್ತಾರೆ.