ಇಂಗ್ಲಿಷಿನ 'ನಾಟ್' ಪದ ಎಲ್ಲಿಂದ ಬಂತು?

ನಮ್ಮ ಇಲ್ಲ, ಅಲ್ಲ, ಬೇಡ ಮೂರರ ಕೆಲಸವನ್ನೂ ಈಗ 'ನಾಟ್' ಮಾಡುತ್ತದೆ ಅಲ್ವಾ? ಆದರೆ ಮೊದಲು ಅದಕ್ಕೆ 'ಏನೂ ಇಲ್ಲ' ಎಂಬ ಅರ್ಥವಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ 'ನಾವಿಹ್ಟ್'. 'ವಿಹ್ಟ್' ಎಂದರೆ ವಸ್ತು ಅಥವಾ ಜೀವಿ. ಬಾಯಲ್ಲಿ ಸವೆದು ಸವೆದು ಇಷ್ಟಕ್ಕೆ ಬಂದು ನಿಂತಿದೆ.

ಆಗ 'ಇಲ್ಲ' ಅನ್ನಲು ಕ್ರಿಯಾಪದಕ್ಕೆ ಮೊದಲು 'ನೆ' ಇದ್ದರೆ ಸಾಕಿತ್ತು: 'ಇಚ್ ನೆ ಸೆಜ್ಜೆ', ಅಂದರೆ ನಾನು ಹೇಳುವುದಿಲ್ಲ. ಒತ್ತಿ ಹೇಳಲು ಕ್ರಿಯಾಪದದ ನಂತರ 'ನಾಟ್' ಸೇರಿಸತೊಡಗಿದರು. ಬರುಬರುತ್ತಾ ಒತ್ತು ಮಾಯವಾಯಿತು, 'ನೆ' ಬಿದ್ದುಹೋಯಿತು. ಸಹಾಯಕ್ಕೆ ಬಂದವನೇ ಯಜಮಾನ! 'ಡು ನಾಟ್' ಎಂಬ ಜೋಡಿ ಆಮೇಲಿನದು. ಭಾಷಾತಜ್ಞ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ಈ ಬದಲಾವಣೆಯನ್ನು ವಿವರಿಸಿದ್ದರು. ಫ್ರೆಂಚಿನಲ್ಲೂ ಇದೇ ಕಥೆ. ಅಲ್ಲಿ ಈಗ 'ಇಲ್ಲ' ಎನ್ನಲು ಬಳಸುವ 'ಪಾ' ಪದಕ್ಕೆ ಮೂಲದಲ್ಲಿ 'ಹೆಜ್ಜೆ' ಎಂಬ ಅರ್ಥ.